ಐರ್ಲೆಂಡ್ ಮೂಲ ಹುಡುಕಾಟ: ಟಿಪ್ಪರೆರಿಯ ಸಾವಿರ ರಯಾನ್‌ಗಳಲ್ಲಿ ನಮ್ಮ ರಯಾನ್ ಯಾರು?

ದಂಡು_ದಾಖಲೆ:
ಬೆಂಗಳೂರಿನ ಒಂದು ಆಂಗ್ಲೋ-ಇಂಡಿಯನ್ ಕುಟುಂಬದ ಪರವಾಗಿ ಕೇಳುತ್ತಿದ್ದೇನೆ. ಕೈಯಲ್ಲಿರುವ ಮಾಹಿತಿ ಇಷ್ಟು. ಮೂಲಪುರುಷ ಟಿಮೊತಿ ರಯಾನ್, ಕ್ಯಾಥೊಲಿಕ್, ಹುಟ್ಟಿದ್ದು 1836ರ ಸುಮಾರಿಗೆ. 1855ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಫ್ಯೂಸಿಲಿಯರ್ಸ್ ದಳಕ್ಕೆ ಸೇರಿದ. 1860ರಲ್ಲಿ ಇಲ್ಲೇ ಮದುವೆ. ಆ ದಾಖಲೆಯಲ್ಲಿ ತಂದೆಯ ಹೆಸರು ಜಾನ್ ಎಂದಿದೆ. ಸೇವೆಯಲ್ಲಿರುವಾಗಲೇ 1866ರಲ್ಲಿ ತೀರಿಕೊಂಡ. ಸಮಾಧಿ ಕಲ್ಲಿನಲ್ಲಿ ‘ಟಿಪ್ಪರೆರಿ ಕೌಂಟಿಯವನು’ ಎಂದಷ್ಟೇ ಕೆತ್ತಿದ್ದಾರೆ. ತಾಯಿಯ ಹೆಸರು ಹೊನೊರಾ ಎಂದು ಮನೆಯವರ ನೆನಪು. ಆನ್‌ಲೈನ್‌ನಲ್ಲಿ ಹುಡುಕಿದರೆ ಟಿಮೊತಿ ರಯಾನ್‌ಗಳು ಸಾಲುಗಟ್ಟಿ ಬರುತ್ತಾರೆ. ಎಲ್ಲಿಂದ ಹಿಡಿಯಬೇಕು?

ಫೈಲ್_ನಂಬರ್:
ಐರ್ಲೆಂಡಿನ ವೆಬ್‌ಸೈಟ್‌ಗಳನ್ನು ಸದ್ಯಕ್ಕೆ ಮುಚ್ಚಿಡಿ. ಊರು ಗೊತ್ತಿಲ್ಲದೆ ಅಲ್ಲಿ ಏನು ಸಿಕ್ಕರೂ ಅದು ನಿಮ್ಮವನದೇ ಎಂದು ಹೇಳಲು ಆಧಾರವಿರುವುದಿಲ್ಲ. ಊರಿನ ಹೆಸರು ಸಿಗುವ ಸಾಧ್ಯತೆ ಹೆಚ್ಚಿರುವುದು ಸೇನೆಯ ಕಡತದಲ್ಲಿ.

ಬಹಳ ಜನ ನೇರವಾಗಿ ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನ ಡಬ್ಲ್ಯು.ಒ. (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 97 ಸರಣಿಗೆ ಹೋಗುತ್ತಾರೆ. ಅದು ಸೇನೆಯಿಂದ ಬಿಡುಗಡೆಯಾದವರ ಪತ್ರಗಳ ಸರಣಿ. ಒಳ್ಳೆಯ ಪತ್ರ ಸಿಕ್ಕರೆ ‘ಇಂಥ ಕೌಂಟಿಯ, ಇಂಥ ಪ್ಯಾರಿಷ್‌ನ, ಇಂಥ ಪಟ್ಟಣದಲ್ಲಿ ಅಥವಾ ಅದರ ಹತ್ತಿರ ಹುಟ್ಟಿದವನು’ ಎಂದು ಬರೆದಿರುತ್ತದೆ (ಪ್ಯಾರಿಷ್ ಎಂದರೆ ಮೂಲತಃ ಒಂದು ಚರ್ಚಿನ ವ್ಯಾಪ್ತಿಯ ಪ್ರದೇಶ). ಆದರೆ 1883ಕ್ಕೆ ಮೊದಲು ಅಲ್ಲಿ ಇರುವುದು ಪಿಂಚಣಿ ಪಡೆದು ಹೊರಬಂದವರ ಪತ್ರಗಳು ಮಾತ್ರ. ನಿಮ್ಮವನು ಸೇವೆಯಲ್ಲೇ ಸತ್ತಿದ್ದಾನೆ, ಹಾಗಾಗಿ ಅವನ ಪತ್ರ ಅಲ್ಲಿರುವುದಿಲ್ಲ. ಅಲ್ಲೇನಾದರೂ ಟಿಮೊತಿ ರಯಾನ್ ಸಿಕ್ಕರೆ ಅವನು ಬೇರೆಯವನು.

ನಿಮ್ಮ ದಾರಿ ಎರಡು ಭಾಗ. 1855ರಲ್ಲಿ ಅವನು ಸೇರಿದ್ದು ಕಂಪನಿಗೆ, ರಾಣಿಯ ಸೇನೆಗಲ್ಲ. ಕಂಪನಿಯ ಕಾಗದಗಳೆಲ್ಲ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ಎಲ್/ಮಿಲ್/9ರಲ್ಲಿ ನೇಮಕಾತಿ ಮತ್ತು ಹಡಗು ಹತ್ತಿದವರ ಪಟ್ಟಿಗಳು, ಎಲ್/ಮಿಲ್/11ರಲ್ಲಿ ಮದರಾಸು ಸೇನೆಯ ಪಟ್ಟಿಗಳು. ಆ ಹೊತ್ತಿಗೆ ಕಂಪನಿಯ ಡಿಪೋ ಎಸ್ಸೆಕ್ಸ್‌ನ ವಾರ್ಲಿಯಲ್ಲಿತ್ತು. ನೇಮಕಾತಿ ಪುಸ್ತಕದಲ್ಲಿ ವಯಸ್ಸು, ಎತ್ತರ, ಕಸುಬು, ಹುಟ್ಟಿದ ಸ್ಥಳ ಸಿಗುವುದುಂಟು. ಕ್ರೌನ್ ಆಡಳಿತ ಬಂದ ಮೇಲೆ ಇದೇ ದಳ 102ನೇ ರೆಜಿಮೆಂಟ್ ಆಯಿತು. ಆಗಿನಿಂದ 1866ರವರೆಗಿನ ಹಾಜರಿ ಪಟ್ಟಿಗಳನ್ನು ಕ್ಯೂನಲ್ಲಿರುವ ಡಬ್ಲ್ಯು.ಒ. 12ರಲ್ಲಿ ನೋಡಿ. ಸತ್ತ ತ್ರೈಮಾಸಿಕದ ಪಟ್ಟಿಯ ಕೊನೆಯಲ್ಲಿ ಸತ್ತವರು, ಓಡಿಹೋದವರು, ಬಿಡುಗಡೆಯಾದವರಿಗೆ ಪ್ರತ್ಯೇಕ ನಮೂನೆ ಇರುತ್ತದೆ. ಅಲ್ಲಿ ಹುಟ್ಟೂರು ಮತ್ತು ಕಸುಬು ಬರೆಯುವ ಕಾಲಮ್ ಇದೆ. ಆ ಒಂದು ಪುಟಕ್ಕಾಗಿ ಇಡೀ ವರ್ಷದ ಕಟ್ಟು ತಿರುವಿದರೂ ನಷ್ಟವಿಲ್ಲ.

ದಂಡು_ದಾಖಲೆ:
ಅವನ ಮರಣ ದಾಖಲೆ ಇಂಡಿಯಾ ಆಫೀಸ್ ಸಂಗ್ರಹದ ಚರ್ಚ್ ದಾಖಲೆಗಳ ಎನ್/2 ಸರಣಿಯಲ್ಲಿ ಸಿಗಲಿಲ್ಲ. ಮದುವೆ ಮಾತ್ರ ಸಿಕ್ಕಿತು. ಯಾಕಿರಬಹುದು?

ಫೈಲ್_ನಂಬರ್:
ಎನ್/1 ಬಂಗಾಳ, ಎನ್/2 ಮದರಾಸು, ಎನ್/3 ಮುಂಬಯಿ. ಬೆಂಗಳೂರು ದಂಡುಪ್ರದೇಶ ಬರುವುದು ಮದರಾಸಿನ ಸರಣಿಯಲ್ಲಿ, ಅಲ್ಲಿಯವರೆಗೆ ಸರಿ. ಆದರೆ ಈ ಪುಸ್ತಕಗಳು ಮುಖ್ಯವಾಗಿ ಸರ್ಕಾರಿ ಆಂಗ್ಲಿಕನ್ ಪಾದ್ರಿಗಳು ಕಳಿಸಿದ ಪ್ರತಿಗಳು. ಕ್ಯಾಥೊಲಿಕ್ ಚರ್ಚುಗಳ ಪ್ರತಿಗಳು ಎಲ್ಲ ಕಡೆಯಿಂದ, ಎಲ್ಲ ವರ್ಷವೂ ಹೋಗಿಲ್ಲ. ಐರಿಷ್ ಸೈನಿಕರು ಹೋಗುತ್ತಿದ್ದ ಬೆಂಗಳೂರಿನ ಸೇಂಟ್ ಪ್ಯಾಟ್ರಿಕ್‌ನಂಥ ಚರ್ಚುಗಳ ಮೂಲ ರಿಜಿಸ್ಟರ್‌ಗಾಗಿ ಚರ್ಚಿಗೋ ಧರ್ಮಪ್ರಾಂತ್ಯದ ಕಚೇರಿಗೋ ಪತ್ರ ಬರೆಯಿರಿ. ತಾರೀಕು, ದಳದ ಹೆಸರು ಹಾಕಿ ಒಂದೇ ಒಂದು ನಮೂದು ಕೇಳಿ. ‘ರಯಾನ್‌ಗಳ ಬಗ್ಗೆ ಇರುವುದೆಲ್ಲ ಕೊಡಿ’ ಎಂದು ಬರೆದ ಪತ್ರಕ್ಕೆ ಉತ್ತರ ಬರುವುದು ಕಷ್ಟ. ಜೊತೆಗೆ ಬ್ರಿಟಿಷ್ ಭಾರತದ ಕುಟುಂಬಗಳ ವಂಶಾವಳಿ ಹುಡುಕುವ ಫಿಬಿಸ್ ಸಂಸ್ಥೆಯ ಉಚಿತ ಡೇಟಾಬೇಸ್ ಕೂಡ ನೋಡಿ. ಸಮಾಧಿ ಲೇಖನಗಳು, ಪಿಂಚಣಿ ನಿಧಿಯ ಪಟ್ಟಿಗಳು ಅಲ್ಲಿ ಸೇರಿವೆ.

ಹಳೇ_ನಕ್ಷೆ:
ಸೇನೆಯ ಪತ್ರದಲ್ಲಿ ಹುಟ್ಟೂರು ‘ನೀನಾ’ ಅಥವಾ ‘ಥರ್ಲ್ಸ್’ ಅಂತ ಬಂದರೆ ಹುಷಾರಾಗಿರಿ. ಹಳ್ಳಿಯ ಹುಡುಗನಿಗೆ ನೇಮಕಾತಿ ಸಾರ್ಜೆಂಟ್ ‘ಯಾವೂರು’ ಎಂದಾಗ ಅವನು ಹತ್ತಿರದ ಪೇಟೆಯ ಹೆಸರು ಹೇಳಿರುತ್ತಾನೆ. ಆ ಪೇಟೆಯ ಸುತ್ತ 15 ಕಿಲೋಮೀಟರ್ ಒಳಗಿನ ಪ್ಯಾರಿಷ್‌ಗಳೆಲ್ಲ ಲೆಕ್ಕಕ್ಕೆ ಬರುತ್ತವೆ.

ಐರ್ಲೆಂಡಿನ ಭೂವಿಂಗಡಣೆ ತಲೆಗೆ ಹೋಗದೆ ಮುಂದೆ ಹೋಗಬೇಡಿ. ನಮ್ಮ ಗ್ರಾಮ, ಹೋಬಳಿ, ತಾಲ್ಲೂಕು, ಜಿಲ್ಲೆ ಹೇಗೋ ಅಲ್ಲಿ ಟೌನ್‌ಲ್ಯಾಂಡ್, ಸಿವಿಲ್ ಪ್ಯಾರಿಷ್, ಬ್ಯಾರನಿ, ಕೌಂಟಿ. ಟೌನ್‌ಲ್ಯಾಂಡ್‌ನಲ್ಲಿ ಊರೇ ಇರಬೇಕೆಂದಿಲ್ಲ. ಅದು ಗಡಿ ಹಾಕಿದ ಒಂದು ಭೂಭಾಗ, ಒಂದೂ ಮನೆ ಇಲ್ಲದ ಟೌನ್‌ಲ್ಯಾಂಡ್‌ಗಳೂ ಇವೆ. ಇಡೀ ದ್ವೀಪದಲ್ಲಿ 60,000ಕ್ಕೂ ಹೆಚ್ಚು. ಒಂದೇ ಹೆಸರಿನವು ಬೇರೆ ಬೇರೆ ಕೌಂಟಿಗಳಲ್ಲಿ ಹತ್ತಾರು ಸಿಗುತ್ತವೆ.

ಇದರ ಮೇಲೆ ಇನ್ನೂ ಎರಡು ವಿಂಗಡಣೆ ಬೇರೆ ಕೂತಿದೆ, ಗೊಂದಲ ಹುಟ್ಟುವುದೇ ಅಲ್ಲಿ. ಕ್ಯಾಥೊಲಿಕ್ ಪ್ಯಾರಿಷ್‌ನ ಗಡಿಯೂ ಸಿವಿಲ್ ಪ್ಯಾರಿಷ್‌ನ ಗಡಿಯೂ ಒಂದೇ ಅಲ್ಲ. ಹೆಸರೂ ಬೇರೆ ಇರಬಹುದು. ಜನನ ಮರಣ ನೋಂದಣಿ ನಡೆದದ್ದು ಪೂರ್ ಲಾ ಯೂನಿಯನ್ (ಬಡವರ ಪರಿಹಾರಕ್ಕಾಗಿ ಮಾಡಿದ ಆಡಳಿತ ವಲಯ) ಗಡಿಯಲ್ಲಿ, ಅದು ಕೌಂಟಿಯ ಗೆರೆಯನ್ನೂ ದಾಟುತ್ತದೆ. ಕ್ಯಾರಿಕ್-ಆನ್-ಶೂರ್ ಯೂನಿಯನ್ ಟಿಪ್ಪರೆರಿ, ವಾಟರ್‌ಫರ್ಡ್, ಕಿಲ್ಕೆನಿ ಮೂರರಲ್ಲೂ ಹರಡಿತ್ತು. ಟಿಪ್ಪರೆರಿಯ ಮಗುವಿನ ಜನನ ವಾಟರ್‌ಫರ್ಡ್‌ನದು ಎಂಬಂತೆ ಕಂಡರೆ ಗಾಬರಿ ಬೇಡ. ಲೋಗೈನಂ ಡಾಟ್ ಐಇ ತಾಣದಲ್ಲಿ ಟೌನ್‌ಲ್ಯಾಂಡ್ ಹೆಸರು ಹಾಕಿದರೆ ಅದು ಯಾವ ಸಿವಿಲ್ ಪ್ಯಾರಿಷ್, ಯಾವ ಬ್ಯಾರನಿ ಎಂಬುದು, ಐರಿಷ್ ರೂಪ, ಹಳೆಯ ಕಾಗುಣಿತಗಳ ಸಮೇತ ಬರುತ್ತದೆ.

ಮನೆತನ_ಹೆಸರು:
ರಯಾನ್ ಹೆಸರಿನ ಬಗ್ಗೆ. ಮೂಲ ಓ ಮೇಲ್‌ರಿಯನ್; ಹಳೆಯ ಕಾಗದಗಳಲ್ಲಿ ಮಲ್‌ರಯಾನ್ ಅಂತಲೂ ಬರುತ್ತದೆ. ಇವರ ನೆಲೆ ಟಿಪ್ಪರೆರಿ-ಲಿಮರಿಕ್ ಗಡಿಯ ಓನಿ ಸೀಮೆ. ಆದ್ದರಿಂದ ಸೇನೆಯ ಪತ್ರ ಸಿಗದೇ ಹೋದರೂ ಓನಿ ಮತ್ತು ಆರಾ ಬ್ಯಾರನಿಯನ್ನು ಮೊದಲು ನೋಡಬೇಕು ಎನ್ನುವಷ್ಟು ಸುಳಿವು ಹೆಸರಿನಲ್ಲೇ ಇದೆ. ಆದರೆ ಸುಳಿವು ಅಷ್ಟೇ, ಸಾಕ್ಷಿ ಅಲ್ಲ.

ಎಲ್ಲ ಹೆಸರುಗಳೂ ಇಷ್ಟು ಸಹಾಯ ಮಾಡುವುದಿಲ್ಲ. ಓ'ಡ್ರಿಸ್ಕಲ್ ಎಂದರೆ ಪಶ್ಚಿಮ ಕಾರ್ಕ್, ಗ್ಯಾಲಹರ್ ಎಂದರೆ ಡೊನಿಗಾಲ್, ಜಾಯ್ಸ್ ಎಂದರೆ ಗಾಲ್ವೆಯ ಕಡೆ. ವಾಲ್ಶ್ ಹಾಗಲ್ಲ, ನಾರ್ಮನ್ನರ ಜೊತೆ ಬಂದ ವೇಲ್ಸ್‌ನವರಿಗೆಲ್ಲ ಅಲ್ಲಲ್ಲಿ ಪ್ರತ್ಯೇಕವಾಗಿ ಬಿದ್ದ ಹೆಸರು, ಒಂದು ನೆಲೆ ಇಲ್ಲ. ಸ್ಮಿತ್ ಇನ್ನೂ ಕಷ್ಟ. 1890ರ ಜನನಗಳನ್ನು ಎಣಿಸಿದಾಗ ಮರ್ಫಿ, ಕೆಲಿ, ಸಲಿವನ್, ವಾಲ್ಶ್ ಆದ ಮೇಲೆ ಐದನೆಯ ಸ್ಥಾನ ಸ್ಮಿತ್‌ಗೆ ಬಂತು. ಅವರಲ್ಲಿ ಇಂಗ್ಲೆಂಡಿನಿಂದ ಬಂದವರೂ ಇದ್ದಾರೆ, ಕ್ಯಾವನ್ ಸೀಮೆಯ ಮ್ಯಾಕ್‌ಗೌನ್‌ಗಳು ಇಂಗ್ಲಿಷ್‌ಗೆ ತಿರುಗಿಸಿಕೊಂಡವರೂ ಇದ್ದಾರೆ.

ಹುಡುಕುವಾಗ ಆಗುವ ತಪ್ಪು ಇದು: 17, 18ನೇ ಶತಮಾನಗಳಲ್ಲಿ ಓ ಮತ್ತು ಮ್ಯಾಕ್ ಉದುರಿಹೋದವು. 1893ರಲ್ಲಿ ಐರಿಷ್ ಭಾಷೆಯನ್ನು ಉಳಿಸುವ ಗೇಲಿಕ್ ಲೀಗ್ ಸಂಘ ಹುಟ್ಟಿದ ಆಸುಪಾಸಿನಿಂದ ಜನ ಮತ್ತೆ ಹಚ್ಚಿಕೊಳ್ಳತೊಡಗಿದರು. ಒಂದೇ ಮನೆಯ ಅಪ್ಪ ಸಲಿವನ್, ಮಗ ಓ'ಸಲಿವನ್. ವೆಬ್‌ಸೈಟ್‌ನ ‘ಹೋಲುವ ಹೆಸರು’ ಆಯ್ಕೆ ಹಲವು ಕಡೆ ಸೌಂಡೆಕ್ಸ್ (ಉಚ್ಚಾರ ಹೋಲುವ ಹೆಸರುಗಳನ್ನು ಗುಂಪು ಮಾಡುವ ಸಂಕೇತ ಪದ್ಧತಿ) ಮೇಲೆ ನಡೆಯುತ್ತದೆ, ಅದು ಮೊದಲ ಅಕ್ಷರವನ್ನು ಬದಲಿಸುವುದಿಲ್ಲ. ಹಾಗಾಗಿ ಸಲಿವನ್ ಎಂದರೆ ಓ'ಸಲಿವನ್ ಬರುವುದಿಲ್ಲ, ಸಿ ಅಕ್ಷರದ ಕ್ಯಾವನಾ ಹಾಕಿದರೆ ಕೆ ಅಕ್ಷರದ ಕ್ಯಾವನಾ ಬರುವುದಿಲ್ಲ. ಎರಡೂ ರೂಪ ಬೇರೆ ಬೇರೆ ಹಾಕಿ, ನಡುವಿನ ಸ್ವರಗಳ ಜಾಗದಲ್ಲಿ ನಕ್ಷತ್ರ ಚಿಹ್ನೆ ಇಡಿ.

ಲ್ಯಾಟಿನ್_ರಿಜಿಸ್ಟರ್:
ಊರಿನ ಸುಳಿವು ಬಂದ ಮೇಲೆ ಕ್ಯಾಥೊಲಿಕ್ ಬ್ಯಾಪ್ಟಿಸಂ ಪುಸ್ತಕ. ನ್ಯಾಷನಲ್ ಲೈಬ್ರರಿ ಆಫ್ ಐರ್ಲೆಂಡ್ 2015ರಿಂದ ಈ ಪುಸ್ತಕಗಳ ತನ್ನ ಮೈಕ್ರೋಫಿಲ್ಮ್‌ಗಳನ್ನೆಲ್ಲ ಉಚಿತವಾಗಿ ತೆರೆದಿಟ್ಟಿದೆ. 1,086 ಪ್ಯಾರಿಷ್‌ಗಳು, ಹೆಚ್ಚಿನವು 1880ರ ಸುಮಾರಿಗೆ ನಿಲ್ಲುತ್ತವೆ. ಪೂರ್ವ ಭಾಗ ಮತ್ತು ಪಟ್ಟಣಗಳಲ್ಲಿ 18ನೇ ಶತಮಾನದ ಕೊನೆಯಿಂದ ಸಿಗುತ್ತವೆ, ಪಶ್ಚಿಮದ ಬಡ ಪ್ಯಾರಿಷ್‌ಗಳಲ್ಲಿ 1830–50ರ ನಡುವೆ ಶುರು. ಹೆಸರಿನ ಸೂಚಿ ಬೇಕಾದರೆ ವಂಶಾವಳಿ ತಾಣ ಫೈಂಡ್‌ಮೈಪಾಸ್ಟ್‌ನಲ್ಲಿ ಈ ಪುಸ್ತಕಗಳದು ಉಚಿತ. ಸೂಚಿ ಮಾಡಿದವರು ಕೈಬರಹ ತಪ್ಪಾಗಿ ಓದಿರುವುದು ಸಾಮಾನ್ಯ. ಪ್ಯಾರಿಷ್ ಖಚಿತವಾದರೆ 1834ರಿಂದ 1838ರವರೆಗೆ ಪುಟ ಪುಟವೇ ಓದಿ.

ನಮೂದು ಹೀಗಿರುತ್ತದೆ: ‘ಬ್ಯಾಪ್. ಥಡೇಯುಂ ಎಫ್.ಎಲ್. ಜೊಹಾನ್ನಿಸ್ ರಯಾನ್ ಎತ್ ಹೊನೋರೇ ಕೆನಡಿ, ಎಸ್.ಎಸ್. ಮೈಕಲ್ ರಯಾನ್ ಎತ್ ಮಾರ್ಗರೀಟಾ ಗ್ಲೀಸನ್’. ಇದರಲ್ಲಿ ಟಿಮೊತಿ ಎಲ್ಲಿ? ಥಡೇಯುಂ ಅವನೇ. ಐರಿಷ್‌ನ ಟೈಗ್ ಎಂಬ ಹೆಸರು ಲ್ಯಾಟಿನ್‌ನಲ್ಲಿ ಥಡೇಯುಸ್, ಇಂಗ್ಲಿಷ್‌ನಲ್ಲಿ ಥೇಡಿ, ಟಿಮೊತಿ, ಕೆಲವೊಮ್ಮೆ ಟಿಮ್. ಸೇನೆಗೆ ಸೇರುವಾಗ ಟಿಮೊತಿ ಆದವನನ್ನು ಟಿಮೊತಿ ಎಂದೇ ಹುಡುಕಿದರೆ ಸಿಗದೇ ಹೋಗಲು ಇದೇ ಕಾರಣ. ಎಫ್.ಎಲ್. ಎಂದರೆ ವಿವಾಹಿತ ದಂಪತಿಯ ಮಗ. ಎಸ್.ಎಸ್. ಎಂದರೆ ಧರ್ಮಮಾತಾಪಿತರು. ಹೆಸರಿನ ಕೊನೆಗೆ ವಿಭಕ್ತಿ ಸೇರುತ್ತದೆ: ಜೇಮ್ಸ್ ಎಂಬವನು ಯಾಕೋಬುಸ್, ಜೇಮ್ಸ್‌ನ ಮಗ ಎನ್ನುವಾಗ ಯಾಕೋಬಿ. ಯೂಜೀನಿಯಸ್ ಎಂದರೆ ಓವನ್, ಡರ್ಬಿ ಮತ್ತು ಜೆರೆಮಾಯಾ ಒಬ್ಬನೇ, ಕಾರ್ನೀಲಿಯಸ್ ಎಂದರೆ ಕಾನರ್. ಹೊನೊರಾ ಮುಂದೆ ನೋರಾ, ಹನ್ನಾ, ಕೆಲವು ಮನೆಗಳಲ್ಲಿ ಆ್ಯನಿ ಕೂಡ ಆಗುತ್ತಾಳೆ.

ಧರ್ಮಮಾತಾಪಿತರ ಹೆಸರು ಬರೆದಿಟ್ಟುಕೊಳ್ಳಿ. ಅವರು ಬಹುಪಾಲು ಅಣ್ಣ, ತಂಗಿ, ಅತ್ತಿಗೆ, ಇಲ್ಲವೇ ಪಕ್ಕದ ಮನೆಯವರು. ಜಾನ್ ರಯಾನ್-ಹೊನೊರಾ ಕೆನಡಿ ದಂಪತಿ ಎರಡು ಜೋಡಿ ಸಿಕ್ಕರೆ, ಯಾವ ಮಗು ಯಾವ ಜೋಡಿಯದು ಎಂದು ಬೇರೆ ಮಾಡುವುದು ಈ ಹೆಸರುಗಳಿಂದಲೇ. ಹೆಣ್ಣಿನ ಊರಿನ ಚರ್ಚಿನಲ್ಲಿ ಮದುವೆ ಆಗುವುದು ರೂಢಿ, ಮೊದಲ ಮಗುವಿನ ಬ್ಯಾಪ್ಟಿಸಂ ಕೂಡ ಎಷ್ಟೋ ಸಲ ತಾಯಿಯ ಊರಿನಲ್ಲೇ. ಟಿಮೊತಿ ಮೊದಲನೆಯವನಾದರೆ ಪಕ್ಕದ ಪ್ಯಾರಿಷ್ ನೋಡಲೇಬೇಕು. ಈಸ್ಟರ್‌ಗೆ ಮುಂಚಿನ ಲೆಂಟ್ ವ್ರತದಲ್ಲಿ ಮದುವೆ ಇಲ್ಲ, ಆದ್ದರಿಂದ ಅದಕ್ಕೆ ಮುಂಚಿನ ವಾರಗಳಲ್ಲಿ, ಅಂದರೆ ಫೆಬ್ರುವರಿ ಸುತ್ತ, ಮದುವೆ ಪುಟಗಳು ತುಂಬಿರುತ್ತವೆ. ‘3ನೇ ಗ್ರಾಡು’ (ಮೂರನೇ ಹಂತದ ರಕ್ತಸಂಬಂಧ) ಎಂದು ಅನುಮತಿ ಬರೆದಿದ್ದರೆ ವಧೂವರರ ಅಜ್ಜ ಅಜ್ಜಿಯರಲ್ಲಿ ಇಬ್ಬರು ಒಡಹುಟ್ಟಿದವರು ಎಂದು ಅರ್ಥ. ಒಂದು ಪದದಲ್ಲಿ ಎರಡು ತಲೆಮಾರು ಸಿಕ್ಕಿತು.

ದಂಡು_ದಾಖಲೆ:
ಮಕ್ಕಳಿಗೆ ಹೆಸರಿಡುವ ಕ್ರಮದಿಂದ ಅಜ್ಜನ ಹೆಸರು ಊಹಿಸಬಹುದು ಎನ್ನುತ್ತಾರಲ್ಲ, ಅದನ್ನು ಎಷ್ಟು ನಂಬಬಹುದು?

ಲ್ಯಾಟಿನ್_ರಿಜಿಸ್ಟರ್:
ಮೊದಲ ಮಗನಿಗೆ ತಂದೆಯ ತಂದೆ, ಎರಡನೆಯವನಿಗೆ ತಾಯಿಯ ತಂದೆ, ಮೂರನೆಯವನಿಗೆ ತಂದೆ. ಮೊದಲ ಮಗಳಿಗೆ ತಾಯಿಯ ತಾಯಿ, ಎರಡನೆಯವಳಿಗೆ ತಂದೆಯ ತಾಯಿ. ಇದು ರೂಢಿ, ನಿಯಮವಲ್ಲ. ಮಗು ಸತ್ತರೆ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುತ್ತಿದ್ದರು, ಹಾಗಾಗಿ 1836ರ ಥಡೇಯುಸ್ ನಿಮ್ಮವನೇ, 1839ರವನೇ ಎಂಬುದನ್ನೂ ನೋಡಬೇಕು. ಟಿಮೊತಿ ಬೆಂಗಳೂರಿನಲ್ಲಿ ತನ್ನ ಮಕ್ಕಳಿಗೆ ಇಟ್ಟ ಹೆಸರುಗಳನ್ನು ಹುಟ್ಟಿದ ಕ್ರಮದಲ್ಲಿ ಬರೆದು ಇಟ್ಟುಕೊಳ್ಳಿ. ಮೊದಲ ಮಗ ಜಾನ್, ಎರಡನೇ ಮಗಳು ಹೊನೊರಾ ಇದ್ದರೆ ಮನೆಯವರ ನೆನಪಿಗೆ ಬಲ ಬರುತ್ತದೆ.

ಹಳೇ_ನಕ್ಷೆ:
ಭೂದಾಖಲೆಗೆ ಬರೋಣ. ಎರಡು ಇವೆ. ಟೈಥ್ ಅಪ್ಲಾಟ್‌ಮೆಂಟ್ ಪುಸ್ತಕಗಳು, 1823ರಿಂದ 1837ರವರೆಗೆ, ಆಂಗ್ಲಿಕನ್ ಚರ್ಚಿಗೆ ಯಾವ ಪಂಗಡದ ಸಾಗುವಳಿದಾರನಾದರೂ ಕಟ್ಟಬೇಕಿದ್ದ ತೆರಿಗೆಯ ಲೆಕ್ಕ. ಗ್ರಿಫಿತ್ಸ್ ವ್ಯಾಲ್ಯುವೇಶನ್, 1847ರಿಂದ 1864ರವರೆಗೆ, ಸ್ಥಳೀಯ ತೆರಿಗೆಗಾಗಿ ಮಾಡಿದ ಮೌಲ್ಯಮಾಪನ. ನಡುವೆ ಬಿದ್ದಿರುವುದು 1845ರ ನಂತರದ ಮಹಾಕ್ಷಾಮ. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಟೈಥ್‌ನಲ್ಲಿದ್ದ ಮನೆತನ ಗ್ರಿಫಿತ್ಸ್‌ನಲ್ಲಿ ಇಲ್ಲವಾದರೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ.

ಟೈಥ್‌ನಲ್ಲಿ ವಿಸ್ತೀರ್ಣ ಬಹುತೇಕ ಐರಿಷ್ ಎಕರೆಯಲ್ಲಿದೆ. ಒಂದು ಐರಿಷ್ ಎಕರೆ ಎಂದರೆ 1.62 ಸಾಧಾರಣ ಎಕರೆ. ಟೈಥ್‌ನಲ್ಲಿ 10 ಎಕರೆ ಇದ್ದವನು ಗ್ರಿಫಿತ್ಸ್‌ನಲ್ಲಿ 16 ಎಕರೆ ತೋರಿಸಿದರೆ ಅವನೇನು ಜಮೀನು ಕೊಂಡಿಲ್ಲ, ಅಳತೆ ಬದಲಾಗಿದೆ. ಪೇಟೆಯವರು, ಜಮೀನಿಲ್ಲದ ಕೂಲಿಗಳು ಟೈಥ್‌ನಲ್ಲಿ ಇಲ್ಲವೇ ಇಲ್ಲ.

ಗ್ರಿಫಿತ್ಸ್‌ನ ಒಂದು ಸಾಲು ನೋಡಿ: ‘12 ಎ, ಜಾನ್ ರಯಾನ್ (ಥೇಡಿ), ಮನೆ, ಆಫೀಸ್ ಮತ್ತು ಜಮೀನು, 14 ಎಕರೆ 2 ರೂಡ್ 30 ಪರ್ಚ್’. 12 ಎಂಬುದು ನಕ್ಷೆಯಲ್ಲಿ ಹಿಡುವಳಿಯ ಸಂಖ್ಯೆ, ಪಕ್ಕದ ಸಣ್ಣ ಅಕ್ಷರ ಮನೆಯ ಗುರುತು. ಆಫೀಸ್ ಎಂದರೆ ಕಚೇರಿಯಲ್ಲ, ದನದ ಕೊಟ್ಟಿಗೆ, ಕಣಜ ಇಂಥವು. ಎಕರೆಗೆ 4 ರೂಡ್, ರೂಡ್‌ಗೆ 40 ಪರ್ಚ್. ನಿಮಗೆ ಬೇಕಾದದ್ದು ಕಂಸದಲ್ಲಿರುವ ಥೇಡಿ. ಒಂದೇ ಟೌನ್‌ಲ್ಯಾಂಡ್‌ನಲ್ಲಿ ಮೂವರು ಜಾನ್ ರಯಾನ್ ಇದ್ದಾಗ ಗುರುತಿಗೆ ತಂದೆಯ ಹೆಸರು ಹಾಕುತ್ತಿದ್ದರು. ಕೆಲವೊಮ್ಮೆ ಕೆಂಪ, ಬಿಳಿಯ, ಚಿಕ್ಕವ ಎಂಬ ಅರ್ಥದ ರೋ, ಬಾನ್, ಓಗ್. ಜಾನ್‌ನ ತಂದೆ ಥೇಡಿ, ಮಗ ಟಿಮೊತಿ ಎಂದರೆ ಹೆಸರಿಡುವ ರೂಢಿಗೂ ಹೊಂದಿತು.

ಕಂಸದ ಹೆಸರುಗಳನ್ನು ಎಷ್ಟೋ ಸೂಚಿಗಳು ಕೈಬಿಟ್ಟಿವೆ. ಆಸ್ಕ್ ಅಬೌಟ್ ಐರ್ಲೆಂಡ್ ತಾಣದಲ್ಲಿ ಪುಟದ ಚಿತ್ರವನ್ನೇ ತೆರೆಯಿರಿ. ಅದೇ ತಾಣದ ನಕ್ಷೆಗಳಲ್ಲಿ ಕೆಲವು ಮುದ್ರಿತ ಪಟ್ಟಿಗಿಂತ ಈಚಿನವು, ಹಾಗಾಗಿ 12ನೇ ಸಂಖ್ಯೆ ನಕ್ಷೆಯಲ್ಲಿ ಬೇರೆ ಹೊಲದ ಮೇಲೆ ಕೂತಿರಬಹುದು. ವಿಸ್ತೀರ್ಣ ಹೊಂದುತ್ತದೆಯೇ ನೋಡಿಯೇ ಮನೆ ಗುರುತಿಸಿ.

ಪರಿಷ್ಕರಣ_ಪುಸ್ತಕ:
ಮೇಲಿನದಕ್ಕೆ ಸೇರಿಸಲೇಬೇಕಾದ್ದು: ಗ್ರಿಫಿತ್ಸ್ ಅಲ್ಲಿಗೇ ನಿಲ್ಲಲಿಲ್ಲ. ಹಿಡುವಳಿದಾರ ಬದಲಾದಂತೆಲ್ಲ ಅಧಿಕಾರಿಗಳು ಹಳೆಯ ಹೆಸರು ಹೊಡೆದು ಹೊಸದು ಬರೆದರು, ವರ್ಷ ಗೊತ್ತಾಗಲೆಂದು ಬೇರೆ ಬೇರೆ ಬಣ್ಣದ ಶಾಯಿಯಲ್ಲಿ. ಇವನ್ನು ಕ್ಯಾನ್ಸಲ್ಡ್ ಬುಕ್ಸ್ ಎನ್ನುತ್ತಾರೆ. ದಕ್ಷಿಣದ 26 ಕೌಂಟಿಗಳದು ಡಬ್ಲಿನ್‌ನಲ್ಲಿ, ವ್ಯಾಲ್ಯುವೇಶನ್ ಆಫೀಸನ್ನು ಒಳಗೊಂಡ ಈಗಿನ ಟಯ್ಲ್ತೆ ಏರನ್ ಸಂಸ್ಥೆಯಲ್ಲಿ. ಉತ್ತರದ 6 ಕೌಂಟಿಗಳದು ಬೆಲ್‌ಫಾಸ್ಟ್‌ನ ಸರ್ಕಾರಿ ದಾಖಲೆ ಕಚೇರಿ ಪ್ರೋನಿಯಲ್ಲಿ ಆನ್‌ಲೈನ್ ಉಚಿತ. ಕಪ್ಪುಬಿಳುಪು ಪ್ರತಿ ತೆಗೆದುಕೊಂಡರೆ ಕೆಲಸ ಕೆಟ್ಟಿತು. ಬಣ್ಣದ ಪ್ರತಿಯನ್ನೇ ಕೇಳಿ. ಜಾನ್ ಹೆಸರು ಹೊಡೆದು ‘ಹೊನೊರಾ’ ಎಂದು ಬರೆದಿದ್ದರೆ ಅವನು ಸತ್ತ ವರ್ಷ ಅದರ ಆಸುಪಾಸು. 1864ರ ನಂತರವಾದರೆ ಮರಣ ನೋಂದಣಿಯಲ್ಲಿ ಎರಡು ಮೂರು ವರ್ಷ ಹಿಂದೆ ಮುಂದೆ ನೋಡಿ. ಕಂದಾಯ ಪುಸ್ತಕ ತಿದ್ದುವುದು ತಡವಾಗುತ್ತಿತ್ತು.

ಗಣತಿ_1901:
ಒಂದು ಭಿನ್ನಾಭಿಪ್ರಾಯ. ಇಷ್ಟೆಲ್ಲ ಹಿಂದಕ್ಕೆ ಅಗೆಯುವ ಮೊದಲು ಮುಂದಕ್ಕೆ ಬನ್ನಿ. ಟಿಮೊತಿ ಊರು ಬಿಟ್ಟ, ಅವನ ತಮ್ಮನೋ ತಂಗಿಯೋ ಬಿಟ್ಟಿಲ್ಲದಿರಬಹುದು. ಊರಲ್ಲಿ ಉಳಿದವರ ಕಾಗದಗಳು ಹೆಚ್ಚು ಪೂರ್ಣ.

19ನೇ ಶತಮಾನದ ಗಣತಿಗಳು ಹೆಚ್ಚುಕಡಿಮೆ ಹೋಗಿಬಿಟ್ಟಿವೆ. 1821ರಿಂದ 1851ರವರೆಗಿನವು 1922 ಜೂನ್ 30ರಂದು ಡಬ್ಲಿನ್‌ನಲ್ಲಿ ಸರ್ಕಾರಿ ದಾಖಲೆ ಕಚೇರಿ ಇದ್ದ ಫೋರ್ ಕೋರ್ಟ್ಸ್‌ನ ಬೆಂಕಿಯಲ್ಲಿ, 1861 ಮತ್ತು 1871ರವು ಸರ್ಕಾರದ ಆದೇಶದಿಂದಲೇ, 1881 ಮತ್ತು 1891ರವು ಮೊದಲ ಮಹಾಯುದ್ಧದ ಹೊತ್ತಿಗೆ ರದ್ದಿಯಾಗಿ. ಎಲ್ಲ ಬೆಂಕಿಗೇ ಹೋಯಿತು ಎಂದು ಕೈಚೆಲ್ಲುವವರು ಇದನ್ನು ಗಮನಿಸಬೇಕು: ಕ್ಯಾಥೊಲಿಕ್ ಪುಸ್ತಕಗಳು, ಗ್ರಿಫಿತ್ಸ್, ಜನನ ಮರಣ ನೋಂದಣಿ ಆ ಕಟ್ಟಡದಲ್ಲಿ ಇರಲೇ ಇಲ್ಲ. ಆಂಗ್ಲಿಕನ್ ಚರ್ಚ್ ಆಫ್ ಐರ್ಲೆಂಡಿನ ರಿಜಿಸ್ಟರ್‌ಗಳು ಅರ್ಧಕ್ಕಿಂತ ಹೆಚ್ಚು ಸುಟ್ಟವು, ವಿಲ್‌ಗಳು ಸುಟ್ಟವು. 2022ರಲ್ಲಿ ತೆರೆದ ವರ್ಚುವಲ್ ರೆಕಾರ್ಡ್ ಟ್ರೆಷರಿಯಲ್ಲಿ ಬೇರೆ ಕಡೆ ಉಳಿದಿದ್ದ ನಕಲುಗಳನ್ನು ಕೂಡಿಸುತ್ತಿದ್ದಾರೆ, ಅಲ್ಲಿ ಹೆಸರು ಹಾಕಿ ನೋಡುವುದು ಉಚಿತ.

ಉಳಿದಿರುವ 1901, 1911ರ ಗಣತಿ ಐರ್ಲೆಂಡಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿ ಉಚಿತ. 1911ರದರಲ್ಲಿ ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದೂ ಇದೆ. ವಯಸ್ಸು ಮಾತ್ರ ನಂಬಬೇಡಿ. 1901ರಲ್ಲಿ 56 ಇದ್ದವರು 1911ರಲ್ಲಿ 71 ಆಗಿರುತ್ತಾರೆ. 1909ರ ಜನವರಿಯಿಂದ 70 ದಾಟಿದವರಿಗೆ ವೃದ್ಧಾಪ್ಯ ಪಿಂಚಣಿ ಬಂತು. 1864ಕ್ಕೆ ಮುಂಚೆ ಹುಟ್ಟಿದ ಇವರಿಗೆ ಜನನ ಪತ್ರ ಇರಲಿಲ್ಲ, ತಮ್ಮ ನಿಜವಾದ ವಯಸ್ಸು ಎಷ್ಟೋ ಜನರಿಗೆ ಗೊತ್ತಿರಲಿಲ್ಲ.

ಇದರಿಂದ ನಮಗೊಂದು ಉಪಕಾರವೂ ಆಗಿದೆ. ಅವರ ವಯಸ್ಸು ದೃಢಪಡಿಸಲು ಆಗ ಇನ್ನೂ ಇದ್ದ 1841, 1851ರ ಗಣತಿಯಲ್ಲಿ ಹುಡುಕಿಸುತ್ತಿದ್ದರು. ಆ ಅರ್ಜಿ ನಮೂನೆಗಳು ಉಳಿದಿವೆ: ಅರ್ಜಿದಾರರ ತಂದೆ ತಾಯಿ, ಟೌನ್‌ಲ್ಯಾಂಡ್, ಕೆಲವದರಲ್ಲಿ 1851ರಲ್ಲಿ ಮನೆಯಲ್ಲಿದ್ದವರೆಲ್ಲರ ಪಟ್ಟಿ. ಟಿಮೊತಿಯ ತಮ್ಮನೊಬ್ಬ ಪಿಂಚಣಿ ಕೇಳಿದ್ದರೆ, 15 ವರ್ಷದ ಟಿಮೊತಿ ಆ ಪಟ್ಟಿಯಲ್ಲಿ ಇರಬಹುದು. ಸೆನ್ಸಸ್ ಸರ್ಚ್ ಫಾರ್ಮ್ಸ್ ಎಂಬ ಹೆಸರಿನಲ್ಲಿ ಹುಡುಕಿ.

ಇನ್ನೆರಡು ಚಿಕ್ಕ ಸಂಗತಿ. ಕೆಲವರು ನಮೂನೆಯನ್ನು ಐರಿಷ್ ಭಾಷೆಯಲ್ಲೇ ತುಂಬಿದ್ದಾರೆ, ಹೆಸರು ಇಂಗ್ಲಿಷ್ ರೂಪದಲ್ಲಿ ಹಾಕಿದರೆ ಸಿಗದು. ಪೊಲೀಸ್ ಬ್ಯಾರಕ್, ಮಾನಸಿಕ ಆಸ್ಪತ್ರೆಗಳಲ್ಲಿ ಹೆಸರಿನ ಮೊದಲಕ್ಷರ ಮಾತ್ರ ಬರೆದಿರುತ್ತಾರೆ.

ಫೈಲ್_ನಂಬರ್:
ಜನನ ಮರಣ ನೋಂದಣಿಯ ಮಿತಿಗಳನ್ನೂ ಹೇಳಿಬಿಡೋಣ. ಕ್ಯಾಥೊಲಿಕೇತರ ಮದುವೆ 1845 ಏಪ್ರಿಲ್‌ನಿಂದ, ಉಳಿದೆಲ್ಲವೂ 1864 ಜನವರಿ 1ರಿಂದ. ಐರಿಷ್ ಜೀನಿಯಾಲಜಿ ಡಾಟ್ ಐಇ ತಾಣದಲ್ಲಿ ಪುಟದ ಚಿತ್ರ ಉಚಿತ: 100 ವರ್ಷ ದಾಟಿದ ಜನನ, 75 ದಾಟಿದ ಮದುವೆ, 50 ದಾಟಿದ ಮರಣ. ಮರಣ ದಾಖಲೆಯಲ್ಲಿ ತಂದೆ ತಾಯಿ ಹೆಸರು ಇರುವುದಿಲ್ಲ ಎಂದು ಬಿಟ್ಟುಬಿಡಬೇಡಿ; ಮಾಹಿತಿ ಕೊಟ್ಟವರ ಹೆಸರು, ಸಂಬಂಧ, ಟೌನ್‌ಲ್ಯಾಂಡ್ ಇರುತ್ತದೆ. ಜಾನ್ ಅಥವಾ ಹೊನೊರಾ 1864ರ ನಂತರ ಸತ್ತಿದ್ದರೆ ಆ ಒಂದು ಸಾಲಿನಿಂದ ಊರು ಮತ್ತು ಒಬ್ಬ ಮಗನೋ ಸೊಸೆಯೋ ಸಿಗುತ್ತಾರೆ. ಜನನದ ತಾರೀಕು ಬ್ಯಾಪ್ಟಿಸಂಗಿಂತ ಈಚೆಗೆ ಕಂಡರೆ ಬೇರೆ ಮಗು ಎಂದುಕೊಳ್ಳಬೇಡಿ. ತಡವಾಗಿ ನೋಂದಾಯಿಸಿದರೆ ದಂಡ ಇತ್ತು, ತಂದೆ ತಾರೀಕನ್ನು ಮುಂದೆ ತಳ್ಳಿ ಹೇಳುತ್ತಿದ್ದ. ಚರ್ಚಿನ ತಾರೀಕನ್ನೇ ನಂಬಿ.

ಶಿಲೆ_ಓದು:
ಸಮಾಧಿಗಳ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ಮೊದಲ ಮಾತು: 1850ರ ಬಡ ರೈತನಿಗೆ ಕಲ್ಲು ಸಿಗುವುದು ಅಪರೂಪ. ಎಷ್ಟೋ ಕಲ್ಲುಗಳು 30, 40 ವರ್ಷ ಕಳೆದು ಅಮೆರಿಕದಿಂದ ಮಗ ಕಳಿಸಿದ ದುಡ್ಡಿನಲ್ಲಿ ನೆಟ್ಟವು. ಅಂಥ ಕಲ್ಲಿನ ಮೇಲಿನ ವಯಸ್ಸು, ತಾರೀಕು ನೆನಪಿನಿಂದ ಬರೆಸಿದವು. ಆದರೆ ಸಂಬಂಧ ಮತ್ತು ಟೌನ್‌ಲ್ಯಾಂಡ್ ಬಹುತೇಕ ಸರಿಯಿರುತ್ತದೆ. ನೆಡಿಸಿದವನ ಹೆಸರು ಮೇಲೇ ಇರುತ್ತದೆ. ಹೆಂಗಸಿನ ಹೆಸರಾದ ಮೇಲೆ ‘ಏಲಿಯಾಸ್’ ಎಂದಿದ್ದರೆ ಅದರ ನಂತರದ್ದು ತವರಿನ ಹೆಸರು.

ಎಲ್ಲಿ ನೋಡಬೇಕು? ಕ್ಯಾಥೊಲಿಕ್ ಚರ್ಚಿನ ಅಂಗಳದಲ್ಲಿ ಸಿಗದಿದ್ದರೆ ಪಾಳುಬಿದ್ದ ಮಧ್ಯಯುಗದ ಚರ್ಚಿನ ಸುತ್ತಲಿನ ಹಳೇ ಸ್ಮಶಾನಕ್ಕೆ ಹೋಗಿ. ಕಾನೂನಿನ ಪ್ರಕಾರ ಅವು ಚರ್ಚ್ ಆಫ್ ಐರ್ಲೆಂಡಿನ ವಶಕ್ಕೆ ಹೋಗಿದ್ದವು, ಹೂಳುವುದನ್ನು ಮಾತ್ರ ಕ್ಯಾಥೊಲಿಕ್ ಮನೆತನಗಳು ಅಲ್ಲೇ ಮುಂದುವರಿಸಿದವು. ಆದ್ದರಿಂದ ಕ್ಯಾಥೊಲಿಕರ ಹೂಳಿಕೆ ಆಂಗ್ಲಿಕನ್ ಪುಸ್ತಕದಲ್ಲಿ ಸಿಗುವುದುಂಟು. ಕ್ಯಾಥೊಲಿಕ್ ಪಾದ್ರಿಗಳು ಹೂಳಿಕೆ ಬರೆದಿಟ್ಟದ್ದೇ ಕಡಿಮೆ. ಸರ್ಕಾರಿ ಭೂಮಾಪನ ಇಲಾಖೆ ಆರ್ಡ್‌ನನ್ಸ್ ಸರ್ವೆಯ, ಮೈಲಿಗೆ ಆರಿಂಚಿನ ಹಳೆಯ ನಕ್ಷೆಯಲ್ಲಿ ಸ್ಮಶಾನಗಳನ್ನು ಗುರುತಿಸಿದ್ದಾರೆ. ಬ್ಯಾಪ್ಟಿಸಂ ಆಗದೆ ಸತ್ತ ಶಿಶುಗಳನ್ನು ಬೇರೆಯಾಗಿ ಹೂಳಿದ ಕಿಲೀನ್‌ಗಳೂ ಅದರಲ್ಲಿವೆ. ಅಲ್ಲಿ ಹೆಸರು ಕೆತ್ತಿದ ಕಲ್ಲು ಇರುವುದಿಲ್ಲ, ಬರೀ ಒರಟು ಕಲ್ಲುಗಳು. ಅವನ್ನು ಜರುಗಿಸಬೇಡಿ.

ಸವೆದ ಅಕ್ಷರ ಓದುವುದು ಪೂರ್ತಿ ಬೆಳಕಿನ ಕೆಲಸ. ಬೆಳಕು ಕಲ್ಲಿನ ಮುಖವನ್ನು ಸವರಿಕೊಂಡು ಓರೆಯಾಗಿ ಹಾಯಬೇಕು. ನೇರ ಬಿದ್ದರೆ ಏನೂ ಕಾಣದು. ಹೆಚ್ಚಿನ ಕಲ್ಲುಗಳ ಮುಖ ಪೂರ್ವಕ್ಕೋ ಪಶ್ಚಿಮಕ್ಕೋ ಇರುವುದರಿಂದ ಸೂರ್ಯ ದಕ್ಷಿಣದಲ್ಲಿರುವಾಗ ಆ ಓರೆ ಸಿಗುತ್ತದೆ. ಬೇಸಿಗೆಯಲ್ಲಿ ಐರ್ಲೆಂಡಿನ ಗಡಿಯಾರದಲ್ಲಿ ಅದು ಮಧ್ಯಾಹ್ನ ಒಂದೂವರೆ ಹೊತ್ತು. ಪೂರ್ವಮುಖಿ ಕಲ್ಲುಗಳನ್ನು ಅದಕ್ಕೆ ಸ್ವಲ್ಪ ಮೊದಲು, ಪಶ್ಚಿಮಮುಖಿಗಳನ್ನು ಸ್ವಲ್ಪ ನಂತರ ತೆಗೆಯಿರಿ. ಮೋಡವಿದ್ದರೆ ಕಪ್ಪು ಟಾರ್ಪಾಲಿನ್ ಹೊದಿಸಿ, ಕಲ್ಲಿನ ಅಂಚಿಗೆ ಟಾರ್ಚ್ ಒತ್ತಿ ಹಿಡಿದು ಎಡ, ಬಲ, ಮೇಲೆ, ಮೂರು ಕಡೆಯಿಂದ ಬೇರೆ ಬೇರೆ ಫೋಟೋ. ಬಿಸಿಲಿದ್ದು ಕಲ್ಲು ನೆರಳಲ್ಲಿದ್ದರೆ ದೊಡ್ಡ ಕನ್ನಡಿಯಿಂದ ಬೆಳಕು ತಿರುಗಿಸಿ. 1 ಮತ್ತು 7, 3 ಮತ್ತು 8 ಅದಲುಬದಲಾಗುವುದು ಮಾಮೂಲು. ಒಂದೇ ಕಲ್ಲಿನಲ್ಲಿ ಸ್ಪಷ್ಟವಾಗಿರುವ ಅಂಕಿಯ ಆಕಾರಕ್ಕೆ ಹೋಲಿಸಿ.

ದಂಡು_ದಾಖಲೆ:
ಬೆಂಗಳೂರಿನ ಕಲ್ಲಿನಲ್ಲೂ ಕೊನೆಯ ಎರಡು ಸಾಲು ಓದಲಾಗುತ್ತಿಲ್ಲ. ಸುಣ್ಣದ ಪುಡಿ ಅಥವಾ ಸೀಮೆಸುಣ್ಣ ಹಚ್ಚಿ ನೋಡಬಹುದೇ?

ಶಿಲೆ_ಓದು:
ದಯವಿಟ್ಟು ಬೇಡ. ಸೀಮೆಸುಣ್ಣ, ಹಿಟ್ಟು, ಶೇವಿಂಗ್ ಫೋಮ್, ಬ್ಲೀಚ್, ತಂತಿ ಬ್ರಷ್ ಯಾವುದೂ ಬೇಡ. ಪುಡಿ ಕಲ್ಲಿನ ರಂಧ್ರಗಳಲ್ಲಿ ಕೂರುತ್ತದೆ, ಹಿಟ್ಟು ಬೂಷ್ಟು ಬೆಳೆಸುತ್ತದೆ, ಫೋಮ್‌ನಲ್ಲಿ ಆಮ್ಲ ಇದೆ, ತಂತಿ ಬ್ರಷ್ ಇರುವ ಅಕ್ಷರವನ್ನೂ ಕೆರೆದು ತೆಗೆಯುತ್ತದೆ. ಬರೀ ನೀರು ಸಿಂಪಡಿಸಿ, ಮೆತ್ತಗಿನ ಬ್ರಷ್‌ನಿಂದ ಮಣ್ಣು ಮಾತ್ರ ತೆಗೆಯಿರಿ. ಕಲ್ಲುಹೂವು ಕೀಳಬೇಡಿ, ಅದರ ಜೊತೆ ಕಲ್ಲಿನ ಪದರವೂ ಏಳುತ್ತದೆ. ಕಲ್ಲು ಅರ್ಧ ಒಣಗಿದಾಗ ಒಂದು ಫೋಟೋ ತೆಗೆಯಿರಿ. ಕೆತ್ತಿದ ಗೆರೆಯಲ್ಲಿ ತೇವ ಹೆಚ್ಚು ಹೊತ್ತು ನಿಂತು ಅಕ್ಷರ ಕಪ್ಪಾಗಿ ಕಾಣುತ್ತದೆ. ಕೊನೆಯ ಸಾಲು ಮಣ್ಣಿನಡಿ ಇದ್ದರೆ ಅಗೆಯಬೇಡಿ. ಐರ್ಲೆಂಡಿನಲ್ಲಿ ಹಳೆಯ ಸ್ಮಶಾನಗಳು ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿವೆ, ನೆಲ ಕೆದಕುವುದು ಕಾನೂನಿನ ವಿಷಯ. ಇಲ್ಲಿಯೂ ಚರ್ಚಿನ ಅಥವಾ ಸ್ಮಶಾನ ಸಮಿತಿಯ ಅನುಮತಿ ಬೇಕು. ಅಕ್ಷರ ನಕಲು ಮಾಡುವಾಗ ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ, ಕಾಗುಣಿತ ತಿದ್ದಬೇಡಿ. ‘ತಪ್ಪು’ ಕಾಗುಣಿತದ ಊರಿನ ಹೆಸರು ಆ ಜನ ಉಚ್ಚರಿಸುತ್ತಿದ್ದ ರೂಪ, ಲೋಗೈನಂನಲ್ಲಿ ಅದೇ ಕೆಲಸಕ್ಕೆ ಬರುವುದು. ಸುತ್ತಲಿನ ಕಲ್ಲುಗಳ ಫೋಟೋ ಕೂಡ ತೆಗೆಯಿರಿ.

ಮನೆತನ_ಹೆಸರು:
ಡಿಎನ್‌ಎ ಬಗ್ಗೆ ಕೇಳುವ ಮೊದಲೇ ಹೇಳುತ್ತೇನೆ. ವಂಶಸ್ಥರಲ್ಲಿ ಬದುಕಿರುವ ಹಿರಿಯರನ್ನು ಪರೀಕ್ಷೆಗೆ ಕೊಡಿಸಿ, ಒಂದು ತಲೆಮಾರು ಹತ್ತಿರವಾದಷ್ಟು ಲಾಭ. ನಾಲ್ಕು ತಲೆಮಾರು ಹಿಂದಿನ ದಂಪತಿ ಒಂದೇ ಆಗಿರುವವರಲ್ಲಿ, ಅಂದರೆ ಥರ್ಡ್ ಕಸಿನ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂದು ಜೋಡಿಗೆ ಏನೂ ಹೊಂದುವುದಿಲ್ಲ, ಆದ್ದರಿಂದ ಹೊಂದಲಿಲ್ಲ ಎಂದ ಮಾತ್ರಕ್ಕೆ ಸಂಬಂಧ ಇಲ್ಲ ಎಂದಾಗದು. ಓನಿ ಸೀಮೆಯಂಥ ಕಡೆ ರಯಾನ್‌ಗಳು ರಯಾನ್‌ಗಳನ್ನೇ ಮದುವೆಯಾಗಿರುವುದರಿಂದ ಹೊಂದಾಣಿಕೆ ಅಸಲಿಗಿಂತ ಹತ್ತಿರದ್ದು ಎಂಬಂತೆ ತೋರುತ್ತದೆ. ಕಾಗದದಿಂದ ಒಂದು ಟೌನ್‌ಲ್ಯಾಂಡ್ ಸಿಕ್ಕಿದ ಮೇಲೆ ಅಲ್ಲಿಯ ವಂಶಸ್ಥರ ಜೊತೆ ತಾಳೆ ನೋಡಲು ಬಳಸಿ.

ಪರಿಷ್ಕರಣ_ಪುಸ್ತಕ:
ಕೊನೆಗೆ ಇಬ್ಬರು ಜಾನ್ ರಯಾನ್‌ಗಳ ನಡುವೆ ಸಿಕ್ಕಿಹಾಕಿಕೊಂಡರೆ ಸಣ್ಣ ಕಾಗದಗಳಿಗೆ ಹೋಗಿ. ಸಣ್ಣಪುಟ್ಟ ಮೊಕದ್ದಮೆ ನಡೆಸುತ್ತಿದ್ದ ಪೆಟ್ಟಿ ಸೆಷನ್ಸ್ ಕೋರ್ಟ್ ಪುಸ್ತಕಗಳಲ್ಲಿ ದನ ರಸ್ತೆಗೆ ಬಿಟ್ಟದ್ದು, ಗಡಿ ಜಗಳ, ಎಲ್ಲವೂ ಟೌನ್‌ಲ್ಯಾಂಡ್ ಸಮೇತ ಇವೆ. 1866ರಿಂದ ನಾಯಿಗೆ ಲೈಸೆನ್ಸ್ ಕಡ್ಡಾಯವಾಯಿತು, 2 ಶಿಲಿಂಗ್ ಮತ್ತು 6 ಪೆನ್ಸ್ ಶುಲ್ಕ. ಆ ಪುಸ್ತಕದಲ್ಲಿ ಯಜಮಾನನ ಹೆಸರು, ಟೌನ್‌ಲ್ಯಾಂಡ್, ನಾಯಿಯ ಬಣ್ಣ, ತಳಿ. ವರ್ಷ ವರ್ಷವೂ ಬರುತ್ತಿದ್ದ ಹೆಸರು ನಿಂತ ವರ್ಷ, ಕ್ಯಾನ್ಸಲ್ಡ್ ಬುಕ್‌ನಲ್ಲಿ ಹೆಸರು ಹೊಡೆದ ವರ್ಷ, ಮರಣ ನೋಂದಣಿ, ಮೂರೂ ಒಂದೇ ಟೌನ್‌ಲ್ಯಾಂಡ್‌ನಲ್ಲಿ ಹೊಂದಿದರೆ ಇಬ್ಬರಲ್ಲಿ ಸತ್ತವನು ಯಾರು, ಉಳಿದವನು ಯಾರು ಎಂದು ತೀರ್ಮಾನವಾಗುತ್ತದೆ.

ದಂಡು_ದಾಖಲೆ:
ಎಲ್ಲರಿಗೂ ಧನ್ಯವಾದ. ಡಬ್ಲ್ಯು.ಒ. 12ರ 1866ರ ಕಟ್ಟಿನ ಪ್ರತಿಗೆ ಕೋರಿಕೆ ಹಾಕುತ್ತಿದ್ದೇನೆ, ಚರ್ಚಿಗೆ ಹೂಳಿಕೆಯ ಒಂದೇ ನಮೂದು ಕೇಳಿ ಪತ್ರ ಬರೆಯುತ್ತೇನೆ. ಹುಟ್ಟೂರು ಬಂದ ಮೇಲೆ ಇದೇ ಎಳೆಯಲ್ಲಿ ಹಾಕುತ್ತೇನೆ. ಒಂದೇ ಪ್ರಶ್ನೆ ಉಳಿದಿದೆ: ಹುಟ್ಟೂರಿನ ಜಾಗದಲ್ಲಿ ಪ್ಯಾರಿಷ್ ಹೆಸರು ಬಂದರೆ ಅದು ಸಿವಿಲ್ ಪ್ಯಾರಿಷ್ಷೋ ಕ್ಯಾಥೊಲಿಕ್ಕೋ?

ಹಳೇ_ನಕ್ಷೆ:
ಬರೆದವನು ಸೇನೆಯ ಗುಮಾಸ್ತ, ಹೇಳಿದವನು ಕ್ಯಾಥೊಲಿಕ್ ಹುಡುಗ. ಎರಡನ್ನೂ ಪರೀಕ್ಷಿಸಿ. ಮೊದಲು ಸಿವಿಲ್ ಪ್ಯಾರಿಷ್ ಎಂದುಕೊಂಡು ಗ್ರಿಫಿತ್ಸ್‌ನಲ್ಲಿ ಅಲ್ಲಿಯ ಜಾನ್ ರಯಾನ್‌ಗಳನ್ನೆಲ್ಲ ಟೌನ್‌ಲ್ಯಾಂಡ್ ಸಮೇತ ಪಟ್ಟಿ ಮಾಡಿ. ಆಮೇಲೆ ನ್ಯಾಷನಲ್ ಲೈಬ್ರರಿಯ ನಕ್ಷೆಯಲ್ಲಿ ಆ ಟೌನ್‌ಲ್ಯಾಂಡ್‌ಗಳು ಯಾವ ಕ್ಯಾಥೊಲಿಕ್ ಪ್ಯಾರಿಷ್‌ಗೆ ಬೀಳುತ್ತವೆ ನೋಡಿ. ಎರಡು ಪ್ಯಾರಿಷ್‌ಗೆ ಹಂಚಿಹೋದರೆ ಎರಡರ ರಿಜಿಸ್ಟರ್‌ಗಳನ್ನೂ 1834ರಿಂದ ಓದಿ.